‘ಟೆಕ್ಸಾಸನ್ನು ಕ್ಯಾಲಿಫೋರ್ನಿಯಾ ಮಾಡಬೇಡಿ’: ಒಂದು ಫೋಟೊ, ಇನ್ನೂರು ಮೆಸೇಜು

ಶನಿವಾರ ಎದ್ದು ಫೋನ್ ನೋಡಿದರೆ ನಮ್ಮ ಬ್ಯಾಚಿನ ಗುಂಪಿನಲ್ಲಿ ಇನ್ನೂರಕ್ಕೂ ಜಾಸ್ತಿ ಮೆಸೇಜು. ಯಾರಿಗೆ ಏನಾಯಿತೋ ಅಂತ ಎದೆ ಧಸಕ್ಕೆಂದಿತು. ಒಳಗೆ ಹೋದರೆ ಬಂದೂಕಿನ ಜಗಳ. ಮೂವರು ಅಮೆರಿಕದಲ್ಲಿದ್ದಾರೆ, ಮೂರು ಬೇರೆ ಬೇರೆ ರಾಜ್ಯ: ಮಂಜು ಟೆಕ್ಸಾಸ್‌ನ ಆಸ್ಟಿನ್ ಹತ್ತಿರ, ಸುಧಾ ವರ್ಜೀನಿಯಾದಲ್ಲಿ, ಗಿರೀಶ ವರ್ಮಾಂಟ್‌ನಲ್ಲಿ. ನಾಗರಾಜ ಅಲ್ಲಿಗೆ ಕಾಲಿಟ್ಟಿಲ್ಲ, ಆದರೆ ಕಿಡಿ ಹಚ್ಚುವುದು ಯಾವಾಗಲೂ ಅವನೇ. ಸುಪ್ರಭಾತದ ಹೂಗಳನ್ನೂ ಹುಟ್ಟುಹಬ್ಬದ ಕೇಕುಗಳನ್ನೂ ತೆಗೆದು, ಹೆಸರು ಬದಲಿಸಿ, ಉಳಿದದ್ದರಲ್ಲಿ ಸ್ವಲ್ಪ ಇಲ್ಲಿ ಹಾಕಿದ್ದೇನೆ. ಅವರ ಒಪ್ಪಿಗೆ ಇದೆ.

ನಾಗರಾಜ: (ಫೋಟೊ. ಕಾರಿನ ಹಿಂದೆ ಅಂಟಿಸಿದ ಸ್ಟಿಕ್ಕರ್: ‘ನನ್ನ ಟೆಕ್ಸಾಸನ್ನು ಕ್ಯಾಲಿಫೋರ್ನಿಯಾ ಮಾಡಬೇಡಿ’) ಮಂಜು, ಇದು ನಿಮ್ಮಂಥವರಿಗೇ ಅಂತೆ. ನೀವೆಲ್ಲ ಹೊರಗಿಂದ ಹೋಗಿ, ಕ್ಯಾಲಿಫೋರ್ನಿಯಾದ ಹಾಗೆ ಕಾನೂನು ಬಿಗಿ ಮಾಡಿಸಿ ಅವರ ಗನ್ ಕಿತ್ತುಕೊಳ್ಳುತ್ತಿದ್ದೀರಂತೆ.

ಮಂಜು: ಬೆಳಗ್ಗೆ ಬೆಳಗ್ಗೆ ನಿನಗೆ ಬೇರೆ ಕೆಲಸ ಇಲ್ವಾ? ಈ ಸ್ಟಿಕ್ಕರ್ ಆಸ್ಟಿನ್ ಸುತ್ತಮುತ್ತ ದಿನಾ ಕಾಣುತ್ತದೆ. ಅಂಟಿಸಿಕೊಂಡವರಲ್ಲಿ ಅರ್ಧ ಜನ ಕ್ಯಾಲಿಫೋರ್ನಿಯಾದಿಂದಲೇ ಬಂದವರು.

ಸುಧಾ: ತಮಾಷೆ ಬಿಡು, ಅದರಲ್ಲಿ ನಿಜ ಇದೆ. ಹೊಸಬರು ಬಂದರೆ ಬಂದೂಕಿನ ಮೇಲಿನ ಮೋಹ ಕಡಿಮೆಯಾಗುತ್ತದೆ. ವರ್ಜೀನಿಯಾ ನೋಡು. ಬಂದೂಕು ಲಾಬಿಯ ದೊಡ್ಡ ಸಂಘ ಎನ್‌ಆರ್‌ಎ, ಅದರ ಮುಖ್ಯ ಕಚೇರಿ ಇರುವುದು ನಮ್ಮ ಫೇರ್‌ಫ್ಯಾಕ್ಸ್‌ನಲ್ಲೇ. ಅದೇ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ಈಗ ಹತ್ತರಲ್ಲಿ ಸುಮಾರು ಮೂರು ಜನ ಹೊರದೇಶದಲ್ಲಿ ಹುಟ್ಟಿದವರು. ದೀಪದ ಬುಡದಲ್ಲೇ ಕತ್ತಲು ಅಂದ ಹಾಗೆ.

ಸುಧಾ: ತಿಂಗಳಿಗೆ ಒಂದೇ ಪಿಸ್ತೂಲು ಕೊಳ್ಳಬೇಕು ಅನ್ನುವ ಕಾನೂನು ಇಲ್ಲಿ 1993ರಲ್ಲಿ ಬಂತು. 2012ರಲ್ಲಿ ತೆಗೆದರು. 2019ರ ಚುನಾವಣೆಯಲ್ಲಿ ರಾಜ್ಯದ ಎರಡೂ ಸದನ, ಗನ್ ಕಾನೂನು ಬಿಗಿಯಾಗಬೇಕು ಅನ್ನುವ ಡೆಮಾಕ್ರಾಟರ ಕೈಗೆ ಹೋದವು. 2020ರಲ್ಲಿ ಗವರ್ನರ್ ರಾಲ್ಫ್ ನಾರ್ಥಮ್ ಸಹಿ ಹಾಕಿ ಅದನ್ನು ವಾಪಸ್ ತಂದರು. ಓಟು ಎಲ್ಲಿಂದ ಬಂತು? ನಮ್ಮಂಥ ಬಡಾವಣೆಗಳಿಂದ.

ಮಂಜು: ಉಳಿದ ವರ್ಜೀನಿಯಾ ಏನು ಮಾಡಿತು ಅದನ್ನೂ ಹೇಳು ಮಾರಾಯ್ತಿ. ನೂರಕ್ಕೂ ಹೆಚ್ಚು ಕೌಂಟಿ, ಪಟ್ಟಣಗಳು ‘ಆ ಕಾನೂನು ನಮ್ಮಲ್ಲಿ ನಡೆಯುವುದಿಲ್ಲ’ ಅಂತ ಠರಾವು ಮಾಡಿದವು. 2020ರ ಜನವರಿಯಲ್ಲಿ ರಾಜಧಾನಿ ರಿಚ್ಮಂಡ್‌ನಲ್ಲಿ ಸುಮಾರು 22,000 ಜನ ಸೇರಿದರು, ಎಷ್ಟೋ ಜನ ಹೆಗಲಿಗೆ ರೈಫಲ್ ಹಾಕಿಕೊಂಡೇ ಬಂದಿದ್ದರು. ನೀವು ಮನಸ್ಸು ಬದಲಾಯಿಸಲಿಲ್ಲ, ಓಟಿನ ಲೆಕ್ಕ ಬದಲಾಯಿಸಿದಿರಿ. ಎರಡೂ ಒಂದೇನಾ?

(ಈ ಮಾತಿಗೆ ಸುಧಾ ಉತ್ತರ ಕೊಡಲಿಲ್ಲ. ಹೆಬ್ಬೆರಳೂ ತೋರಿಸಲಿಲ್ಲ. ನನಗೆ ಇಡೀ ಜಗಳದಲ್ಲಿ ಒಳ್ಳೆಯ ಏಟು ಅಂತ ಅನ್ನಿಸಿದ್ದು ಇದೇ.)

ನಾಗರಾಜ: ಅಮೆರಿಕ ಅಂದರೆ ಮೊದಲಿಂದಲೂ ಗನ್ನೇ ಅಲ್ವಾ? ಕೌಬಾಯ್ ಸಿನಿಮಾದಲ್ಲಿ ಎಲ್ಲರ ಸೊಂಟದಲ್ಲೂ ಇರುತ್ತದೆ.

ಗಿರೀಶ: ಸಿನಿಮಾದಲ್ಲಿ. ಅರಿಜೋನಾದ ಟೂಂಬ್‌ಸ್ಟೋನ್‌ನಲ್ಲಿ 1881ರಲ್ಲೇ ಊರೊಳಗೆ ಗನ್ ಇಟ್ಟುಕೊಂಡು ತಿರುಗುವ ಹಾಗಿಲ್ಲ ಅಂತ ಕಾನೂನಿತ್ತು. ಬಂದವರು ಒಪ್ಪಿಸಿ ಒಳಗೆ ಹೋಗಬೇಕು. ಅದೇ ವರ್ಷದ ಆ ಪ್ರಸಿದ್ಧ ಓಕೆ ಕೊರಾಲ್ ಗುಂಡಿನ ಚಕಮಕಿಗೆ ನೆಪವಾದದ್ದೂ ಅದೇ ಕಾನೂನು. ದನ ಹೊಡೆದುಕೊಂಡು ಬರುವವರಿಗೆ ಗನ್ ಬೇಕಿತ್ತು, ಅಂಗಡಿ ಇಟ್ಟವರಿಗೆ ಬೇಡವಾಗಿತ್ತು.

ನಾಗರಾಜ: ಮೇಷ್ಟ್ರು ಎದ್ದರು.

ಮಂಜು: ಸುಧಾ, ನಿನ್ನ ಲೆಕ್ಕ ನಮ್ಮಲ್ಲಿ ನಡೆಯುವುದಿಲ್ಲ. ಟೆಕ್ಸಾಸ್‌ನಲ್ಲಿ 2010ರಲ್ಲಿ 2.51 ಕೋಟಿ ಜನ, 2020ರಲ್ಲಿ 2.91 ಕೋಟಿ. ಹತ್ತು ವರ್ಷದಲ್ಲಿ 40 ಲಕ್ಷ ಜಾಸ್ತಿ, ಅದರಲ್ಲಿ ಹೊರಗಿಂದ ಬಂದವರು ಸಿಕ್ಕಾಪಟ್ಟೆ. ಕಾನೂನು ಬಿಗಿಯಾಯಿತಾ? 2021ರ ಸೆಪ್ಟೆಂಬರ್ 1ರಿಂದ 21 ತುಂಬಿದವರು ಲೈಸೆನ್ಸೇ ಇಲ್ಲದೆ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು. 2018ರ ಸೆನೆಟ್ ಚುನಾವಣೆ ನೆನಪಿದೆಯಾ? ಮತಗಟ್ಟೆ ಸಮೀಕ್ಷೆಯ ಪ್ರಕಾರ ಟೆಕ್ಸಾಸ್‌ನಲ್ಲೇ ಹುಟ್ಟಿದವರಲ್ಲಿ ಹೆಚ್ಚು ಓಟು ಡೆಮಾಕ್ರಾಟ್ ಬೆಟೊ ಓರೂರ್ಕ್‌ಗೆ. ಹೊರಗಿಂದ ಬಂದು ನೆಲೆಸಿದವರಲ್ಲಿ ಹೆಚ್ಚು ಓಟು ಗನ್ ಪರ ಇರುವ ರಿಪಬ್ಲಿಕನ್ ಟೆಡ್ ಕ್ರೂಜ್‌ಗೆ.

ಸುಧಾ: ಅಂದರೆ ಹೊಸಬರೇ ಹೆಚ್ಚು ಗನ್ ಪರ?

ಮಂಜು: ಎಲ್ಲರೂ ಅಲ್ಲ. ಆದರೆ ಯಾರು ಬರುತ್ತಾರೆ ನೋಡು. ಕ್ಯಾಲಿಫೋರ್ನಿಯಾ ಹಿಡಿಸದವರು ಬರುತ್ತಾರೆ. ಇಡಾಹೋಗೂ ಹಾಗೇ ಹೋಗುತ್ತಾರೆ. ಹಿಡಿಸಿದವರು ಅಲ್ಲೇ ಇರುತ್ತಾರೆ.

ಗಿರೀಶ: ನಮ್ಮ ವರ್ಮಾಂಟ್ ಕತೆ ಇನ್ನೂ ಮಜಾ. ಬರ್ನಿ ಸ್ಯಾಂಡರ್ಸ್ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದವರು, 1968ರಲ್ಲಿ ಇಲ್ಲಿಗೆ ಬಂದರು. ಎಡಪಂಥೀಯ, ಪಕ್ಕಾ ಪಟ್ಟಣದವರು. 1990ರಲ್ಲಿ ಅಮೆರಿಕದ ಸಂಸತ್ತಿಗೆ, ಅಂದರೆ ಕಾಂಗ್ರೆಸ್‌ಗೆ, ಗೆದ್ದರು. ಎದುರಾಳಿ ಪೀಟರ್ ಸ್ಮಿತ್ ಅಸಾಲ್ಟ್ ರೈಫಲ್ ನಿಷೇಧಕ್ಕೆ ಬೆಂಬಲ ಕೊಟ್ಟಿದ್ದರಿಂದ ಎನ್‌ಆರ್‌ಎ ಅವರ ಮೇಲೆ ತಿರುಗಿಬಿದ್ದಿತ್ತು. 1993ರಲ್ಲಿ ಪಿಸ್ತೂಲು ಕೊಳ್ಳುವ ಮೊದಲು ವಿಚಾರಣೆ, ಕಾಯುವ ದಿನ ಅಂತೆಲ್ಲ ಇದ್ದ ಬ್ರೇಡಿ ಮಸೂದೆ ಬಂದಾಗ ಬರ್ನಿ ಅದರ ವಿರುದ್ಧ ಓಟು ಹಾಕಿದರು. ಊರೇ ಬಂದವರನ್ನು ಬದಲಾಯಿಸಿತ್ತು.

ಸುಧಾ: ಆಮೇಲೆ ಅವರ ನಿಲುವು ಬದಲಾಯಿತು ಬಿಡು.

ಗಿರೀಶ: ಹೌದು. ಇನ್ನೊಂದು ಕೇಳು. 2018ರ ಫೆಬ್ರವರಿಯಲ್ಲಿ ಫೇರ್ ಹೇವನ್ ಅನ್ನುವ ಊರಿನಲ್ಲಿ ಶಾಲೆಯ ಮೇಲೆ ಗುಂಡು ಹಾರಿಸುವ ಸಂಚು ಸಿಕ್ಕಿಬಿತ್ತು. ಗವರ್ನರ್ ಫಿಲ್ ಸ್ಕಾಟ್ ಇದೇ ನೆಲದಲ್ಲಿ ಹುಟ್ಟಿದವರು, ಅದೂ ರಿಪಬ್ಲಿಕನ್. ಏಪ್ರಿಲ್‌ನಲ್ಲಿ ಶಾಸನಸಭೆಯ ಮೆಟ್ಟಿಲ ಮೇಲೆ ನಿಂತು ಗನ್ ಮೇಲೆ ಬಿಗಿ ತರುವ ಕಾನೂನಿಗೆ ಸಹಿ ಹಾಕಿದರು. ‘ದ್ರೋಹಿ’ ಅಂತ ಜನ ಕೂಗುತ್ತಿದ್ದರು. ಹೊರಗಿಂದ ಬಂದ ಬರ್ನಿ ಬಿಗಿ ಕಾನೂನು ಬೇಡ ಅಂದರು, ಮಣ್ಣಿನ ಮಗ ಸ್ಕಾಟ್ ಬೇಕು ಅಂದರು. ಈಗ ನಿಮ್ಮಿಬ್ಬರ ಲೆಕ್ಕ ಹೇಳಿ.

ಮಂಜು: ಹಾಗಾದರೆ ಹೊಸಬರಿಂದ ಏನೂ ಆಗುವುದಿಲ್ಲ ಅಂತೀಯಾ?

ಗಿರೀಶ: ಆಗುತ್ತದೆ, ಆದರೆ ಭಾಷಣದಿಂದ ಅಲ್ಲ. ಬೇಲಿಯಿಂದ. ವರ್ಮಾಂಟ್ ಸಂವಿಧಾನದಲ್ಲಿ 1777ರಿಂದಲೂ ಒಂದು ಮಾತಿದೆ: ಬೇಲಿ ಹಾಕದ ನೆಲ ಯಾರದ್ದೇ ಆಗಿರಲಿ, ಹಂಗಾಮಿನಲ್ಲಿ ಬೇಟೆ ಆಡಬಹುದು. ಹಳಬರು ತಲೆಮಾರುಗಳಿಂದ ಪಕ್ಕದವರ ಕಾಡಿಗೆ ಜಿಂಕೆ ಬೇಟೆಗೆ ಹೋಗುತ್ತಾರೆ. ನ್ಯೂಯಾರ್ಕಿನವರು ಬಂದು ಅದೇ ಕಾಡು ಕೊಳ್ಳುತ್ತಾರೆ. ಟೌನ್ ಕ್ಲರ್ಕ್ ಹತ್ತಿರ ಐದು ಡಾಲರ್ ಕಟ್ಟಿ ‘ಇಲ್ಲಿ ಬೇಟೆ ಇಲ್ಲ’ ಅಂತ ಬೋರ್ಡು ಹಾಕುತ್ತಾರೆ. ಪ್ರತಿ ವರ್ಷ ನೋಂದಾಯಿಸಬೇಕು, ಅದನ್ನೂ ತಪ್ಪದೆ ಮಾಡುತ್ತಾರೆ. ಅವರು ಯಾರ ಗನ್ನೂ ಕಿತ್ತುಕೊಂಡಿಲ್ಲ. ಆದರೆ ಹುಡುಗನಿಗೆ ಅಪ್ಪನ ಜೊತೆ ಹೋಗಲು ಕಾಡಿಲ್ಲ. ಕಾಡಿಲ್ಲದಿದ್ದರೆ ರೈಫಲ್ ಯಾಕೆ ಬೇಕು?

ಮಂಜು: ಇದನ್ನು ಒಪ್ಪುತ್ತೇನೆ ಕಣೋ. ನಮ್ಮ ಬಡಾವಣೆ ಮೊದಲು ದೊಡ್ಡ ರಾಂಚ್, ದನ ಸಾಕುವ ಜಮೀನು. ಬೇಲಿಯ ಆಚೆ ಒಬ್ಬ ಮುದುಕ ಇದ್ದಾನೆ, ರಾತ್ರಿ ಕಾಡುಹಂದಿ ಬಂದರೆ ಹೊಡೆಯುತ್ತಾನೆ. ನಾವು ಬರುವ ಮೊದಲು ಯಾರಿಗೂ ಕೇಳಿಸುತ್ತಿರಲಿಲ್ಲ. ಈಗ ಒಂದು ಸದ್ದಾದರೆ ಹತ್ತು ಮನೆಯಿಂದ ಪೊಲೀಸರಿಗೆ ಫೋನ್. ಹತ್ತು ಎಕರೆ ಅಥವಾ ಅದಕ್ಕಿಂತ ಚಿಕ್ಕ ಸೈಟಿನ ಬಡಾವಣೆಯಲ್ಲಿ ಗುಂಡು ಹಾರಿಸುವುದನ್ನು ಕೌಂಟಿ ನಿಷೇಧಿಸಬಹುದು, ಟೆಕ್ಸಾಸ್‌ನಲ್ಲೂ. ಅವನ ಜಮೀನು ದೊಡ್ಡದು, ಅವನಿಗೆ ತೊಂದರೆ ಇಲ್ಲ. ಆದರೆ ಮಕ್ಕಳು ಪಾಲು ಮಾಡಿ ಸೈಟು ಹಾಕಿದ ದಿನ ಮುಗಿಯಿತು. ಒಂದು ಸಲ ನನ್ನ ಹತ್ತಿರ ಹೇಳಿದ, ‘ನೀವು ಒಳ್ಳೆಯವರೇ, ಆದರೆ ತುಂಬಾ ಹತ್ತಿರ ಬಂದುಬಿಟ್ಟಿರಿ.’

ಸುಧಾ: ಪ್ಯೂ ಸಂಸ್ಥೆಯ 2023ರ ಸಮೀಕ್ಷೆಯಲ್ಲೂ ಅದೇ ಕಾಣುತ್ತದೆ. ಹಳ್ಳಿಗಳ ಕಡೆ ನೂರರಲ್ಲಿ 47 ಜನರ ಹತ್ತಿರ ಸ್ವಂತ ಗನ್ ಇದೆ. ಬಡಾವಣೆಗಳಲ್ಲಿ 30, ನಗರದಲ್ಲಿ 20. ಶೆರಿಫ್ ಬರಲು ಅರ್ಧ ಗಂಟೆ ಬೇಕಾದರೆ ನಾನೂ ಯೋಚನೆ ಮಾಡುತ್ತಿದ್ದೆನೇನೋ.

ನಾಗರಾಜ: ನಮ್ಮವರು ಕೊಳ್ಳುತ್ತಾರಾ? ವೀಸಾದಲ್ಲಿದ್ದರೂ ಕೊಡುತ್ತಾರಾ?

ಮಂಜು: ಎಚ್-1ಬಿಯಲ್ಲಿ ಇರುವವರು ಸಾಮಾನ್ಯವಾಗಿ ಕೊಳ್ಳುವ ಹಾಗಿಲ್ಲ. ಬೇಟೆ ಲೈಸೆನ್ಸ್ ಇದ್ದರೆ ಅದಕ್ಕೆ ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಬಂದರೆ ತೊಂದರೆ ಇಲ್ಲ. ಅಂಗಡಿಯಲ್ಲಿ 4473 ಅನ್ನುವ ಫಾರಂ ತುಂಬಬೇಕು. ಅವರು ಎಫ್‌ಬಿಐ ವ್ಯವಸ್ಥೆಯಲ್ಲಿ ಹೆಸರು ಪರಿಶೀಲಿಸುತ್ತಾರೆ. ಎಷ್ಟೋ ಸಲ ಕೆಲವೇ ನಿಮಿಷದ ಕೆಲಸ.

ಸುಧಾ: ಫಾರಂ ನಂಬರ್ ಕೂಡ ಬಾಯಿಪಾಠ.

ಸುಧಾ: ಮಂಜು?

(ನೀಲಿ ಟಿಕ್ ಬಂತು. ಉತ್ತರ ಬರಲಿಲ್ಲ. ನಾಗರಾಜ ಈ ನಡುವೆ ಎರಡು ಪಟಾಕಿ ಸ್ಟಿಕ್ಕರ್ ಹಾಕಿದ, ಯಾರೂ ನಗಲಿಲ್ಲ. ಇಪ್ಪತ್ತು ನಿಮಿಷ ಹೋಯಿತು.)

ಮಂಜು: ಇದೆ. 2020ರಲ್ಲಿ ತೆಗೆದುಕೊಂಡೆ. ಕೊರೊನಾ, ಗಲಾಟೆ, ಅಂಗಡಿ ಮುಂದೆ ಉದ್ದ ಸಾಲು. ಆ ಸಾಲಿನಲ್ಲಿ ನಮ್ಮ ಮುಖಗಳು ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದ್ದವು. ಬೇಲಿಯಾಚೆಯ ಮುದುಕನೇ ಗುಂಡು ಹಾರಿಸುವ ಅಭ್ಯಾಸದ ರೇಂಜಿಗೆ ಕರೆದುಕೊಂಡು ಹೋಗಿ ಹಿಡಿಯುವುದು ಕಲಿಸಿದ. ಇಲ್ಲಿ ಯಾರಿಗೂ ಹೇಳಿರಲಿಲ್ಲ.

ಗಿರೀಶ: ಹೊಸಬರು ಬಂದು ಟೆಕ್ಸಾಸ್ ಕೆಟ್ಟಿತು ಅಂತ ಸ್ಟಿಕ್ಕರ್ ಹಾಕಿಕೊಂಡವರಿಗೆ ಈ ಮೆಸೇಜ್ ಕಳಿಸಿ.

ಸುಧಾ: ಗಿರೀಶ, ಸುಮ್ನಿರು ಸ್ವಲ್ಪ. ಮಂಜು, ನಾವು ನವೆಂಬರ್ ರಜೆಗೆ ನಾಲ್ಕು ದಿನ ನಿಮ್ಮ ಮನೆಗೆ ಬರುತ್ತಿದ್ದೇವೆ. ನನ್ನ ಚಿಕ್ಕವನಿಗೆ ಏಳು ವರ್ಷ. ಇಲ್ಲಿ ಮಕ್ಕಳನ್ನು ಆಟಕ್ಕೆ ಕಳಿಸುವ ಮೊದಲು ಮನೆಯಲ್ಲಿ ಗನ್ ಇದೆಯಾ, ಬೀಗ ಹಾಕಿದ್ದೀರಾ ಅಂತ ಕೇಳುತ್ತೇವೆ. ಬಿಳಿಯರ ಮನೆಯವರನ್ನೆಲ್ಲ ಕೇಳಿದ್ದೇನೆ. ನಿನ್ನನ್ನು ಕೇಳಬೇಕು ಅಂತ ಹೊಳೆದೇ ಇರಲಿಲ್ಲ.

ಮಂಜು: (ಫೋಟೊ. ಬಟ್ಟೆ ಬೀರುವಿನೊಳಗೆ ಗೋಡೆಗೆ ಬೋಲ್ಟ್ ಮಾಡಿದ ಕಬ್ಬಿಣದ ಪೆಟ್ಟಿಗೆ) ಗುಂಡು ಬೇರೆ ಕಡೆ ಇಟ್ಟಿದ್ದೇನೆ.

ಸುಧಾ: ಕೀ ಎಲ್ಲಿ?

ಮಂಜು: ಕೀ ಇಲ್ಲ. ನಂಬರ್ ಲಾಕ್.

ಸುಧಾ: ನಂಬರ್ ನಿನ್ನ ಮಗಳ ಹುಟ್ಟಿದ ದಿನ ಅಲ್ಲ ತಾನೇ?

(‘ಮಂಜು ಟೈಪ್ ಮಾಡುತ್ತಿದ್ದಾರೆ’ ಅಂತ ಬಂತು, ಹೋಯಿತು, ಮತ್ತೆ ಬಂತು.)

ಮಂಜು: ಈಗ ಬದಲಾಯಿಸಿದೆ.