70 ವ್ಯಾಟ್ ಮೆಟಲ್ ಹ್ಯಾಲೈಡ್ ದೀಪದಲ್ಲಿ ಧ್ವನಿ ಅನುರಣನ: ಪರಿಹಾರ ದೀಪದಲ್ಲೋ, ಬ್ಯಾಲಸ್ಟ್‌ನಲ್ಲೋ?

ಪ್ರಶ್ನೆ:

ಸೆರಾಮಿಕ್ ಆರ್ಕ್ ಟ್ಯೂಬ್ (ವಿದ್ಯುತ್ ಆರ್ಕ್ ಉರಿಯುವ ಒಳಕೊಳವೆ) ಇರುವ 70 ವ್ಯಾಟ್ ಮೆಟಲ್ ಹ್ಯಾಲೈಡ್ ದೀಪಕ್ಕೆ ಹಾಫ್ ಬ್ರಿಡ್ಜ್ (ಎರಡು ಸ್ವಿಚ್‌ಗಳ) ಮಾದರಿಯ ಎಲೆಕ್ಟ್ರಾನಿಕ್ ಬ್ಯಾಲಸ್ಟ್ (ದೀಪದ ಕರೆಂಟನ್ನು ನಿಯಂತ್ರಿಸುವ ಸಾಧನ) ವಿನ್ಯಾಸ ಮಾಡುತ್ತಿದ್ದೇನೆ. ದೀಪಕ್ಕೆ ಹೋಗುವ ಕರೆಂಟ್ 45 ಕಿಲೋಹರ್ಟ್ಸ್‌ನ ಸೈನ್ ಅಲೆ. ದೀಪ ಸರಿಯಾಗಿಯೇ ಹೊತ್ತಿಕೊಳ್ಳುತ್ತದೆ. ಆದರೆ ಬಿಸಿಯೇರಿ ಪೂರ್ಣ ಬೆಳಕಿಗೆ ಬರುವ ಹೊತ್ತಿಗೆ ಬೆಳಕು ನಡುಗತೊಡಗುತ್ತದೆ, 90 ವೋಲ್ಟ್ ಆಸುಪಾಸಿನಲ್ಲಿರಬೇಕಾದ ದೀಪದ ವೋಲ್ಟೇಜ್ ಮೇಲಕ್ಕೆ ಜಿಗಿಯುತ್ತದೆ, ಕೆಲವೊಮ್ಮೆ ಆರ್ಕ್ ಆರಿಯೇ ಹೋಗುತ್ತದೆ. ಟ್ಯೂಬಿನ ಒಳ ಉದ್ದ ಸುಮಾರು 8 ಮಿ.ಮೀ., ಒಳ ವ್ಯಾಸ ಸುಮಾರು 6.5 ಮಿ.ಮೀ. ಆವೃತ್ತಿಯನ್ನು ಸ್ವಲ್ಪ ಬದಲಿಸಿದರೆ ಒಂದು ದೀಪ ಶಾಂತವಾಗುತ್ತದೆ, ಅದೇ ಮಾದರಿಯ ಇನ್ನೊಂದು ದೀಪ ಕೆಡುತ್ತದೆ. ಇದು ಧ್ವನಿ ಅನುರಣನ, ಅಂದರೆ ಟ್ಯೂಬಿನೊಳಗಿನ ಅನಿಲದಲ್ಲಿ ಶಬ್ದದ ನಿಂತ ಅಲೆ ಏಳುವುದು, ಎಂದುಕೊಂಡಿದ್ದೇನೆ. ಟ್ಯೂಬಿನ ಆಕಾರವನ್ನು ಬದಲಿಸಿ ಈ ಅನುರಣನವನ್ನು ಸಂಪೂರ್ಣವಾಗಿ ನಿವಾರಿಸಲು ಸಾಧ್ಯವೇ?

ಉತ್ತರ 1:

ಮೊದಲು ಗಮನಿಸಬೇಕಾದದ್ದು, ಅನಿಲವನ್ನು ಬಿಸಿ ಮಾಡುವುದು ಕರೆಂಟ್ ಅಲ್ಲ, ಪವರ್. ಸೈನ್ ಅಲೆಯಲ್ಲಿ ಪವರ್ ಇಮ್ಮಡಿ ಆವೃತ್ತಿಯಲ್ಲಿ ಸೊನ್ನೆಯವರೆಗೂ ಇಳಿದು ಏರುವುದರಿಂದ, ತಮ್ಮ ದೀಪದೊಳಗಿನ ಅನಿಲಕ್ಕೆ 90 ಕಿಲೋಹರ್ಟ್ಸ್‌ನಲ್ಲಿ ಪೆಟ್ಟು ಬೀಳುತ್ತಿದೆ. ಆವಿಯಲ್ಲಿ ಹೆಚ್ಚಿನ ಪಾಲು ಪಾದರಸ ಎಂದುಕೊಂಡು, ಸರಾಸರಿ ತಾಪಮಾನವನ್ನು 3000 ಕೆಲ್ವಿನ್ ಎಂದು ಹಿಡಿದರೆ, ಶಬ್ದದ ವೇಗ ಸೆಕೆಂಡಿಗೆ ಸುಮಾರು 455 ಮೀಟರ್ ಬರುತ್ತದೆ. ಟ್ಯೂಬಿನೊಳಗೆ ಶಬ್ದದ ನಿಂತ ಅಲೆ ಏಳಬಲ್ಲ ಒಂದೊಂದು ವಿಧವನ್ನು ಮೋಡ್ ಎನ್ನುತ್ತಾರೆ. ತಾವು ಕೊಟ್ಟ ಅಳತೆಗಳಿಗೆ ಮೊದಲ ಉದ್ದದ ಮೋಡ್ 28, ಮೊದಲ ಅಜಿಮುತಲ್ (ಅಕ್ಷದ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ತೂಗಾಡುವ) ಮೋಡ್ 41, ಮೊದಲ ರೇಡಿಯಲ್ (ಅಕ್ಷದಿಂದ ಗೋಡೆಯತ್ತ ಏರಿಳಿಯುವ) ಮೋಡ್ 85 ಕಿಲೋಹರ್ಟ್ಸ್ ಆಸುಪಾಸಿನಲ್ಲಿವೆ. ಮೂರನೆಯ ಉದ್ದದ ಮೋಡ್ ಕೂಡ 85ರ ಬಳಿಯೇ ಬರುತ್ತದೆ. ಸರಾಸರಿ ತಾಪಮಾನ ನೂರಿನ್ನೂರು ಕೆಲ್ವಿನ್ ಹೆಚ್ಚಿದರೂ ಇವು 90ರ ಕಡೆಗೆ ಸರಿಯುತ್ತವೆ. ಆದ್ದರಿಂದ ತಾವು ನಿಂತಿರುವ ಜಾಗವೇ ಕೆಟ್ಟದ್ದು.

ಉತ್ತರ 2:

ಮೇಲಿನ ಲೆಕ್ಕ ಸರಿಯಾಗಿದೆ. ಆದರೆ ಮೋಡ್ ಇದೆ ಎಂದ ಮಾತ್ರಕ್ಕೆ ಅದು ಪ್ರಚೋದನೆಗೊಳ್ಳುತ್ತದೆ ಎಂದಲ್ಲ, ಮತ್ತು ದೀಪದ ವಿನ್ಯಾಸಕನಿಗೆ ನಿಜವಾದ ಅವಕಾಶ ಇರುವುದು ಇಲ್ಲಿಯೇ. ಎರಡು ಎಲೆಕ್ಟ್ರೋಡ್‌ಗಳ ನಡುವಿನ ಶಾಖ ಟ್ಯೂಬಿನ ಮಧ್ಯದ ಎರಡೂ ಕಡೆ ಸಮನಾಗಿ ಹಂಚಿಕೆಯಾಗಿದ್ದರೆ, ಒಂದು ತುದಿಯಲ್ಲಿ ಒತ್ತಡ ಏರಿ ಮತ್ತೊಂದು ತುದಿಯಲ್ಲಿ ಇಳಿಯುವ ಒಂದನೆಯ, ಮೂರನೆಯ ಉದ್ದದ ಮೋಡ್‌ಗಳಿಗೆ ಶಕ್ತಿ ಹೆಚ್ಚು ದೊರೆಯುವುದಿಲ್ಲ. ಎರಡನೆಯದಕ್ಕೆ ಧಾರಾಳವಾಗಿ ದೊರೆಯುತ್ತದೆ. ಅಜಿಮುತಲ್ ಮೋಡ್‌ನ ಕಥೆಯೂ ಹೀಗೆಯೇ: ಆರ್ಕ್ ಸರಿಯಾಗಿ ಅಕ್ಷದ ಮೇಲಿದ್ದರೆ ಅದು ಏಳುವುದಿಲ್ಲ, ದೀಪವನ್ನು ಅಡ್ಡಲಾಗಿ ಇಟ್ಟಾಗ ಬಿಸಿ ಅನಿಲದ ತೇಲುವಿಕೆಯಿಂದ ಆರ್ಕ್ ಮೇಲಕ್ಕೆ ಬಾಗಿ, ಸಮತೆ ತಪ್ಪಿ, ಏಳುತ್ತದೆ. ರೇಡಿಯಲ್ ಮೋಡ್‌ಗೆ ಇಂತಹ ರಕ್ಷಣೆ ಇಲ್ಲ. ಅಕ್ಷದ ಮೇಲಿನ ಆರ್ಕ್ ಅದನ್ನು ನೇರವಾಗಿ ಪ್ರಚೋದಿಸುವುದರಿಂದ, ತಮ್ಮ ದೀಪದಲ್ಲಿ ನನ್ನ ಮೊದಲ ಅನುಮಾನ ಅದರ ಮೇಲೆಯೇ.

ಟ್ಯೂಬಿನ ತುದಿಗಳನ್ನು ದುಂಡಗೆ ಮಾಡುವುದರಿಂದ, ಉದ್ದ ಮತ್ತು ವ್ಯಾಸದ ಅನುಪಾತವನ್ನು ಬದಲಿಸುವುದರಿಂದ ಮೋಡ್‌ಗಳು ಜಾಗ ಬದಲಿಸುತ್ತವೆಯೇ ಹೊರತು ಇಲ್ಲವಾಗುವುದಿಲ್ಲ, ಏಕೆಂದರೆ ಗೋಡೆಯುಳ್ಳ ಯಾವ ಕುಹರಕ್ಕೂ ತನ್ನದೇ ಆದ ಮೋಡ್‌ಗಳಿರುತ್ತವೆ. ಎರಡು ಬಲವಾದ ಮೋಡ್‌ಗಳ ನಡುವಿನ ಅಂತರವನ್ನು ಅಗಲ ಮಾಡಿ, ಬ್ಯಾಲಸ್ಟ್‌ಗೆ ನೆಮ್ಮದಿಯ ಒಂದು ಕಿಂಡಿಯನ್ನು ಒದಗಿಸುವುದಷ್ಟೇ ಆಕಾರದಿಂದ ಸಾಧ್ಯ. ಅಳತೆಯ ವ್ಯತ್ಯಾಸ ಕ್ವಾರ್ಟ್ಜ್ ಟ್ಯೂಬಿಗಿಂತ ಅಲ್ಯೂಮಿನಾ ಸೆರಾಮಿಕ್ ಟ್ಯೂಬಿನಲ್ಲಿ ಕಡಿಮೆ ಇರುವುದರಿಂದ ಆ ಕಿಂಡಿ ದೀಪದಿಂದ ದೀಪಕ್ಕೆ ಹೆಚ್ಚು ಸ್ಥಿರವಾಗಿರುತ್ತದೆ. ಹಾಗಿದ್ದರೂ ದೀಪ ಹಳೆಯದಾದಂತೆ ಒಳಗಿನ ತಾಪಮಾನ, ಆವಿಯ ಸಂಯೋಜನೆ ಬದಲಾಗಿ ಕಿಂಡಿ ಸರಿದುಹೋಗುತ್ತದೆ.

ಪ್ರಶ್ನೆ ಕೇಳಿದವರು:

ಕೃತಜ್ಞತೆಗಳು. ಹಾಗಾದರೆ ಆವೃತ್ತಿಯನ್ನು ನಿರಂತರವಾಗಿ ಹಿಂದೆ ಮುಂದೆ ಸರಿಸುತ್ತಿದ್ದರೆ ಸಾಕಾಗುವುದಿಲ್ಲವೇ?

ಉತ್ತರ 3:

ಕೆಲವು ದೀಪಗಳಲ್ಲಿ ಸಾಕಾಗುತ್ತದೆ. ನಿಂತ ಅಲೆ ಬಲಗೊಳ್ಳಲು ಸ್ವಲ್ಪ ಸಮಯ ಬೇಕು. ಅಷ್ಟರೊಳಗೆ ಆವೃತ್ತಿ ಮುಂದೆ ಸಾಗಿದರೆ ಅದು ಏಳುವುದಿಲ್ಲ. ಆದರೆ ತಾವು ಸರಿಸುವ ವ್ಯಾಪ್ತಿಯೊಳಗೇ ಒಂದಕ್ಕಿಂತ ಹೆಚ್ಚು ಬಲವಾದ ಮೋಡ್‌ಗಳಿದ್ದರೆ ಈ ಉಪಾಯವನ್ನು ನಾನು ನಂಬುವುದಿಲ್ಲ.

ನನ್ನ ಸಲಹೆ, ಕಡಿಮೆ ಆವೃತ್ತಿಯ ಚೌಕ ಅಲೆ. 1991ರಿಂದ ಕಾರುಗಳಲ್ಲಿ ಬಂದಿರುವ 35 ವ್ಯಾಟ್ ಝೆನಾನ್ ಹೆಡ್‌ಲ್ಯಾಂಪ್‌ಗಳು ಸಾಮಾನ್ಯವಾಗಿ 400 ಹರ್ಟ್ಸ್ ಚೌಕ ಅಲೆಯಲ್ಲಿ ನಡೆಯುವುದು ಇದಕ್ಕೆ ಒಳ್ಳೆಯ ಉದಾಹರಣೆ. ಕರೆಂಟಿನ ದಿಕ್ಕು ಬದಲಾಗುವ ಕ್ಷಣವನ್ನು ಬಿಟ್ಟರೆ ಪವರ್ ಸಮನಾಗಿರುವುದರಿಂದ ಅನಿಲಕ್ಕೆ ಪೆಟ್ಟು ಬೀಳುವುದೇ ಇಲ್ಲ. ಫುಲ್ ಬ್ರಿಡ್ಜ್ (ನಾಲ್ಕು ಸ್ವಿಚ್‌ಗಳ ಮಂಡಲ) ಮತ್ತು ಅದರ ಮುಂದೆ ಬಕ್ ಹಂತ (ವೋಲ್ಟೇಜ್ ಇಳಿಸಿ ಕರೆಂಟನ್ನು ನಿಯಂತ್ರಿಸುವ ಮಂಡಲ) ಬೇಕಾಗುವುದರಿಂದ ಖರ್ಚು ಹೆಚ್ಚುತ್ತದೆ, ಅದನ್ನು ಒಪ್ಪಿಕೊಳ್ಳಬೇಕು.

ಇಲ್ಲಿಯೂ ಒಂದು ಅಪಾಯವಿದೆ. ಬಕ್ ಹಂತದಿಂದ ಉಳಿದು ಬರುವ ರಿಪಲ್ (ಕರೆಂಟಿನ ಸಣ್ಣ ಏರಿಳಿತ) ಸ್ಥಿರವಾದ ಕರೆಂಟಿನ ಮೇಲೆ ಕುಳಿತಿರುವುದರಿಂದ, ಪವರ್‌ನ ಏರಿಳಿತ ಇಮ್ಮಡಿ ಆವೃತ್ತಿಯಲ್ಲಲ್ಲ, ಬಕ್ ಹಂತದ ಸ್ವಿಚಿಂಗ್ ಆವೃತ್ತಿಯಲ್ಲೇ ಕಾಣಿಸಿಕೊಳ್ಳುತ್ತದೆ. ಇಷ್ಟು ವೇಗದ ಬದಲಾವಣೆಗೆ ಆರ್ಕ್ ಹೆಚ್ಚುಕಡಿಮೆ ರೆಸಿಸ್ಟರ್‌ನಂತೆ ವರ್ತಿಸುವುದರಿಂದ ಕರೆಂಟಿನಲ್ಲಿ ಶೇ. 10ರಷ್ಟು ರಿಪಲ್ ಇದ್ದರೆ ಪವರ್‌ನಲ್ಲಿ ಅದು ಶೇ. 20ರಷ್ಟಾಗುತ್ತದೆ. ಆದ್ದರಿಂದ ಬಕ್ ಹಂತವನ್ನು 85 ಕಿಲೋಹರ್ಟ್ಸ್ ಹತ್ತಿರ ಸ್ವಿಚ್ ಮಾಡಿ ಫಿಲ್ಟರ್ ಕೆಪಾಸಿಟರ್‌ನಲ್ಲಿ ಕಾಸು ಉಳಿಸಲು ಹೊರಟರೆ ಅದೇ ನಡುಕ ಮತ್ತೆ ಬರುತ್ತದೆ.

ಪರೀಕ್ಷಿಸುವಾಗ ಸೆರಾಮಿಕ್ ಟ್ಯೂಬ್ ಅರೆಪಾರದರ್ಶಕವಾದ್ದರಿಂದ ಆರ್ಕ್‌ನ ಆಕಾರ ಸ್ಪಷ್ಟವಾಗಿ ಕಾಣುವುದಿಲ್ಲ. ದೀಪದ ವೋಲ್ಟೇಜನ್ನೇ ದಾಖಲಿಸಿಕೊಳ್ಳಿ. ಹೊತ್ತಿಸಿದ ಕ್ಷಣದಿಂದ ಪೂರ್ಣ ಬಿಸಿಯಾಗುವವರೆಗೆ ಅನಿಲದ ಸಂಯೋಜನೆ ಬದಲಾಗುತ್ತಾ ಎಲ್ಲ ಮೋಡ್‌ಗಳೂ ಸರಿಯುತ್ತಿರುತ್ತವೆಯಾದ್ದರಿಂದ ಆ ಕೆಲವು ನಿಮಿಷಗಳ ದಾಖಲೆಯೂ ಬೇಕು. ದೀಪವನ್ನು ಅಡ್ಡಲಾಗಿಯೂ ನೆಟ್ಟಗೂ ಇಟ್ಟು, ಹೊಸದರ ಜೊತೆಗೆ ಬಹಳ ಗಂಟೆ ಉರಿದ ದೀಪಗಳನ್ನೂ ಪರೀಕ್ಷಿಸಿ. ಅನುರಣನದಿಂದ ಆರ್ಕ್ ಗೋಡೆಗೆ ತಾಗಿದರೆ ಟ್ಯೂಬ್ ಸೀಳಬಹುದು, ಆದ್ದರಿಂದ ಹೊರಗಿನ ರಕ್ಷಣಾ ಗಾಜು ಇಲ್ಲದೆ ದೀಪವನ್ನು ಹೊತ್ತಿಸಲೇಬೇಡಿ.