ಸಹಾಯ ಬೇಕು: 'ಡಿಫರ್' ಪದಕ್ಕೆ ಮರಾಠಿಯಲ್ಲಿ ಏನಂತಾರೆ?

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಮರಾಠಿ ಚೆನ್ನಾಗಿ ಬರುವವರು ಯಾರಾದರೂ ಇದ್ದೀರಾ? ನಮ್ಮ ಆಫೀಸಿನ ನಿಯಮಗಳನ್ನು ಕೊಲ್ಲಾಪುರದ ಸಿಬ್ಬಂದಿಗೆ ಮರಾಠಿಯಲ್ಲಿ ಕಳಿಸಬೇಕು. ಇಂಗ್ಲಿಷಿನ 'ಡಿಫರ್' (defer) ಹತ್ತಿರ ಕೆಲಸ ನಿಂತುಹೋಗಿದೆ. ಇದಕ್ಕೆ ಎರಡು ಅರ್ಥ: ಮುಂದೂಡೋದು, ಇನ್ನೊಬ್ಬರ ಅಭಿಪ್ರಾಯಕ್ಕೆ ಬಿಟ್ಟುಕೊಡೋದು.

ಮುಂದೂಡುವ ಅರ್ಥಕ್ಕೆ ಪದಗಳೇನೋ ಸಿಕ್ಕಿವೆ. 'ಪುಢೇ ಢಕಲಣೇ' ನಮ್ಮ 'ಮುಂದಕ್ಕೆ ಹಾಕೋದು' ಥರಾನೇ. 'ಲಾಂಬಣೀವರ್ ಟಾಕಣೇ' ಅಂದ್ರೆ ಸುಮ್ನೆ ಎಳೆಯುತ್ತಾ ಹೋದ ಹಾಗೆ ಕೇಳಿಸುತ್ತೆ, ಅಲ್ವಾ? 'ತಹಕೂಬ್ ಕರಣೇ' ಸಭೆಗೆ, ಕೋರ್ಟಿನ ವಿಚಾರಣೆಗೆ ಜಾಸ್ತಿ ಬಳಕೆ. ನನಗೆ ಬೇಕಿರುವುದು ಸಾಲದ ಕಂತನ್ನು ಮುಂದೂಡುವ ವಾಕ್ಯಕ್ಕೆ. ಯಾವುದು ಹೊಂದುತ್ತೆ?

ನಿಜವಾದ ತಲೆನೋವು ಇನ್ನೊಂದು ಅರ್ಥದ್ದು. 'ಕಾಯಿಲೆ ರಜೆಯಲ್ಲಿ ಮ್ಯಾನೇಜರ್ ಡಾಕ್ಟರ ಅಭಿಪ್ರಾಯಕ್ಕೆ ಡಿಫರ್ ಮಾಡಬೇಕು' ಅಂತಿದೆ. ಅಂದರೆ ತಮ್ಮದನ್ನು ಬಿಟ್ಟು ಡಾಕ್ಟರ ಮಾತು ನಡೆಸಬೇಕು. ಲ್ಯಾಟಿನ್‌ನಲ್ಲಿ ಇವೆರಡಕ್ಕೂ ಬೇರೆ ಬೇರೆ ಕ್ರಿಯಾಪದ. ಇಂಗ್ಲಿಷಿಗೆ ಬಂದು ಒಂದೇ ರೂಪ ಆಗಿವೆ. 'ಮತಾಲಾ ಮಾನ್ ದೇಣೇ' ಅಂತ ಬರೆದರೆ ಗೌರವ ಬಂತು, ಆದರೆ ಮ್ಯಾನೇಜರ್ ಗೌರವ ಕೊಟ್ಟು ತಮಗೆ ಬೇಕಾದ್ದನ್ನೇ ಮಾಡಬಹುದಲ್ಲ! 'ಮಾನ್ ತುಕವಣೇ' ತಲೆಬಾಗಿದ ಹಾಗೆ, ಆಫೀಸಿನ ಕಾಗದಕ್ಕೆ ಅತಿಯಾಯಿತು. 'ಮಾನ್ಯ ಕರಣೇ' ಸಾಕೇ? ಅಥವಾ 'ಅಂತಿಮ' ಅನ್ನೋ ಪದ ಸೇರಿಸಿ ವಾಕ್ಯವನ್ನೇ ತಿರುಗಿಸಿ ಬರೆಯೋದು ವಾಸಿನಾ?

ಮೊಬೈಲ್ ಅನುವಾದ ಬೇಡ ದಯವಿಟ್ಟು. ಅದು ಡಾಕ್ಟರ ಅಭಿಪ್ರಾಯವನ್ನೇ ಮುಂದಿನ ತಿಂಗಳಿಗೆ ತಳ್ಳಿಬಿಟ್ಟೀತು. ಮನೆಯಲ್ಲಿ ಮರಾಠಿ ಮಾತಾಡುವವರು ಹೇಳಿದರೆ ತುಂಬಾ ಉಪಕಾರ. ಶುಕ್ರವಾರದೊಳಗೆ ಸಿಕ್ಕರೆ ಒಳ್ಳೆಯದು.