ಗಾಳಿಯಿಲ್ಲದ ಕಡೆ ಮರಳಿನ ಅಲೆ ಹೇಗೆ?

ರಘು: ರೊಸೆಟ್ಟಾ ನೌಕೆ ತೆಗೆದ 67ಪಿ ಧೂಮಕೇತುವಿನ ಫೋಟೋಗಳನ್ನು ನೋಡುತ್ತಿದ್ದೆ. ಎರಡು ಗುಂಡುಗಳು ಅಂಟಿಕೊಂಡ ಹಾಗಿದೆ. ನಡುವಿನ ಕುತ್ತಿಗೆಗೆ ಹಾಪಿ ಅಂತ ಹೆಸರು. ಆ ನುಣುಪು ಜಾಗದಲ್ಲಿ ಸಾಲು ಸಾಲು ಅಲೆಗಳಿವೆ, ಥೇಟ್ ಮರುಭೂಮಿ. ಆದರೆ ಅಲ್ಲಿ ಗಾಳಿಯೇ ಇಲ್ಲ ಅಲ್ವಾ? ಇದು ಸುಮ್ನೆ ನೆರಳಿನ ಆಟ ಅನ್ನುತ್ತೇನೆ.

ವಸುಧಾ: ನೆರಳಾಗಿದ್ದರೆ ಬಿಸಿಲು ಬೀಳುವ ಕೋನ ಬದಲಾದಾಗ ಮಾಯವಾಗಬೇಕಿತ್ತು ರಘು ಅವರೇ. ಅವು ನಿಜವಾದ ಉಬ್ಬು ತಗ್ಗುಗಳು. ಗಾಳಿ ಇಲ್ಲ ನಿಜ, ಆವಿ ಇದೆ. ಬಿಸಿಲು ಬಿದ್ದ ಕಡೆ ಐಸ್ ನೀರಾಗದೆ ನೇರ ಆವಿಯಾಗುತ್ತದೆ. ನೆರಳಿನ ಕಡೆ ಒತ್ತಡ ಇಲ್ಲವೇ ಇಲ್ಲ ಅನ್ನಬಹುದು. ಆವಿ ಆ ಕಡೆ ನುಗ್ಗುತ್ತದೆ.

ಮಂಜುನಾಥ್: ಅಷ್ಟು ತೆಳುವಾದ ಆವಿ ಕಲ್ಲುಪುಡಿಯನ್ನು ತಳ್ಳುತ್ತದಾ? ನನಗೆ ನಂಬಿಕೆ ಇಲ್ಲ. 2015ರ ಆಗಸ್ಟ್‌ನಲ್ಲಿ ಅದು ಸೂರ್ಯನಿಗೆ ತೀರಾ ಹತ್ತಿರ ಬಂದಾಗ ದಕ್ಷಿಣದ ಕಡೆ ಬೇಸಿಗೆ. ಅಲ್ಲಿಂದ ಚಿಮ್ಮಿದ ದೂಳು ಉತ್ತರಕ್ಕೆ ಬಂದು ಬೀಳುತ್ತದೆ. ಹಾಪಿಯ ನುಣುಪಿಗೆ ಅಷ್ಟೇ ಸಾಕು.

ವಸುಧಾ: ನುಣುಪಿಗೆ ಸಾಕು ಸರ್, ಅಲೆಗಳಿಗೆ ಸಾಲದು. ಸುಮ್ಮನೆ ಉದುರಿದ ದೂಳು ಸಾಲಾಗಿ ಕೂರುವುದಿಲ್ಲ. ಇನ್ನು ತಳ್ಳುವ ಮಾತು. ಅಲ್ಲಿನ ಗುರುತ್ವ ಎಷ್ಟು ಕಡಿಮೆ ಅಂದರೆ, 2014ರ ನವೆಂಬರ್ 12ರಂದು ರೊಸೆಟ್ಟಾ ಕಳಿಸಿದ ಪುಟ್ಟ ಇಳಿನೌಕೆ ಫಿಲೇ ಇಳಿದು ಪುಟಿದಾಗ ಮತ್ತೆ ನೆಲ ಮುಟ್ಟಲು ಹತ್ತಿರ ಹತ್ತಿರ ಎರಡು ಗಂಟೆ ಬೇಕಾಯಿತು. ಸೆಕೆಂಡಿಗೆ ಸುಮಾರು ಒಂದು ಮೀಟರ್ ವೇಗ ಸಿಕ್ಕರೆ ಕಲ್ಲು ವಾಪಸೇ ಬರುವುದಿಲ್ಲ. ಅಂಥ ಕಡೆ ತೆಳು ಆವಿಗೂ ಬಲ ಬಂದುಬಿಡುತ್ತದೆ.

ಮಂಜುನಾಥ್: ಸಣ್ಣ ಕಣಗಳು ಒಂದಕ್ಕೊಂದು ಅಂಟುತ್ತವಲ್ಲ? ತೂಕ ಕಡಿಮೆ ಇದ್ದ ಕಡೆ ಆ ಅಂಟೇ ದೊಡ್ಡ ತಡೆ.

ವಸುಧಾ: ಹಿಟ್ಟಿನಷ್ಟು ನುಣ್ಣಗಿದ್ದರೆ ನಿಮ್ಮ ಮಾತು ಸರಿ. ಸೆಂಟಿಮೀಟರ್ ಲೆಕ್ಕದ ಕಾಳುಗಳಿಗೆ ಆ ತಡೆ ಜಾಸ್ತಿ ಅಲ್ಲ. ಲೆಕ್ಕ ಹಾಕಿದವರೂ ಅಂಥ ಕಾಳುಗಳನ್ನೇ ಹಿಡಿದಿದ್ದಾರೆ. ನಿಮ್ಮ ದಕ್ಷಿಣದ ದೂಳು ಸರಕು, ಆವಿ ಅದನ್ನು ಜೋಡಿಸುತ್ತದೆ. ಎರಡಕ್ಕೂ ಜಗಳ ಇಲ್ಲ.

ರಘು: ಸರಿ, ಅಲೆ ಒಪ್ಪಿದೆ. ಫೋಟೋಗಳಲ್ಲಿ ಕಾಣುವ ಆ ದುಂಡು ಗುಂಡಿಗಳು? ಉಲ್ಕೆ ಬಿದ್ದದ್ದೇ ತಾನೇ?

ಮಂಜುನಾಥ್: ಅದಂತೂ ಅಲ್ಲ. ಉಲ್ಕೆ ಬಿದ್ದ ಗುಂಡಿ ತಟ್ಟೆಯ ಹಾಗೆ ಅಗಲವಾಗಿ, ಆಳ ಕಡಿಮೆ ಇರುತ್ತದೆ. ಸೇತ್ ಪ್ರದೇಶದ ಒಂದು ಗುಂಡಿ ಸುಮಾರು 200 ಮೀಟರ್ ಅಗಲ, ಆಳವೂ ಹೆಚ್ಚುಕಮ್ಮಿ ಅಷ್ಟೇ. ಗೋಡೆ ನೆಟ್ಟಗೆ ನಿಂತಿದೆ, ಗೋಡೆಯಿಂದಲೇ ದೂಳಿನ ಚಿಲುಮೆ ಹೊರಡುವುದೂ ಕಂಡಿದೆ. ಒಳಗೆ ಟೊಳ್ಳಾಗಿ ಮೇಲಿನ ಚಾವಣಿ ಕುಸಿದರೆ ಹೀಗಾಗುತ್ತದೆ.

ರಘು: ಕುಸಿತ ಅನ್ನುವುದು ಊಹೆ ತಾನೇ? ಕಣ್ಣಿಗೆ ಕಂಡಿದೆಯಾ?

ಮಂಜುನಾಥ್: ಗುಂಡಿಯದ್ದು ಕಂಡಿಲ್ಲ, ಕಡಿದಾದ ಗೋಡೆಯದ್ದು ಕಂಡಿದೆ. ಅಸ್ವಾನ್ ಅನ್ನುವ ಗೋಡೆಯ ತುದಿಯಲ್ಲಿ 2014ರ ಚಿತ್ರಗಳಲ್ಲಿ 70 ಮೀಟರ್ ಉದ್ದದ ಬಿರುಕು. 2015ರ ಜುಲೈ 10ರಂದು ಅಲ್ಲಿಂದ ದೂಳು ಭುಗಿಲೆದ್ದಿತು. ಕೆಲವೇ ದಿನಗಳ ನಂತರದ ಚಿತ್ರದಲ್ಲಿ ಆ ಅಂಚೇ ಇಲ್ಲ! ಇದ್ದಿಲಿನಷ್ಟು ಕಪ್ಪು ನೆಲದ ನಡುವೆ ಹೊಸ ಐಸ್ ಬೆಳ್ಳಗೆ ಹೊಳೆಯುತ್ತಿತ್ತು.

ವಸುಧಾ: ಆದರೆ ಗುಂಡಿಯ ಟೊಳ್ಳು ಹೇಗಾಯಿತು ಅಂತ ನೀವು ಹೇಳಲೇ ಇಲ್ಲ ಸರ್. ಹುಟ್ಟುವಾಗಲೇ ಇತ್ತಾ, ಕಾರ್ಬನ್ ಮಾನಾಕ್ಸೈಡ್‌ನಂಥ ಐಸ್ ಆವಿಯಾಗಿ ಆಯಿತಾ?

ಮಂಜುನಾಥ್: ಹುಟ್ಟಿನಿಂದಲೇ ಅನ್ನುವ ಕಡೆ ನಾನು. ಇಡೀ ಧೂಮಕೇತುವಿನ ಸಾಂದ್ರತೆ ನೀರಿನ ಅರ್ಧದಷ್ಟು. ಹಾಗಂದರೆ ಬಹುಪಾಲು ಬರೀ ಖಾಲಿ.

ವಸುಧಾ: ಖಾಲಿ ಸರಿ, ಆದರೆ ಅದು ಕಾಳುಗಳ ನಡುವಿನ ಸಣ್ಣ ಸಂದುಗಳೂ ಆಗಬಹುದಲ್ಲ? ನೂರು ಮೀಟರ್ ಗುಹೆಗಳೇ ಇವೆ ಅಂತ ಸಾಂದ್ರತೆಯೊಂದರಿಂದ ಹೇಳಲು ಬರುವುದಿಲ್ಲ.